ಯಾರ ಹೆಸರಿನ ಅನ್ನ

ಮದುವೆಯಾಗಿ ಬಂದ ಇಪ್ಪತ್ತೆರಡು ವರ್ಷದಲ್ಲಿ ನಾನು ಒಂದು ಸಲವೂ ಅಂಗಡಿಯಲ್ಲಿ ಅಕ್ಕಿ ಕೊಂಡವಳಲ್ಲ. ಜಂಬಕ್ಕೆ ಹೇಳುತ್ತಿಲ್ಲ, ನಮ್ಮ ಮನೆ ನಡೆಯುತ್ತಿದ್ದ ರೀತಿಯೇ ಹಾಗಿತ್ತು. ನನ್ನ ಗಂಡ ಹಂಪಿಯ ಹೊಳೆದಂಡೆಯಲ್ಲಿ ಸತ್ತವರ ಕರ್ಮ ಮಾಡಿಸುವ ಪುರೋಹಿತರು. ಚಕ್ರತೀರ್ಥದಲ್ಲಿ ವ್ಯಾಸರಾಜಾಚಾರ್ರು ಎಂದರೆ ಹೂವಿನವರಿಂದ ಹಿಡಿದು ಮಂಗಗಳವರೆಗೆ ಎಲ್ಲರಿಗೂ ಗೊತ್ತು. ಅಸ್ಥಿ ಬಿಡಲು, ವರ್ಷದ ತಿಥಿ ಮಾಡಿಸಲು ಕಂಪ್ಲಿ, ಸಂಡೂರು, ಮರಿಯಮ್ಮನಹಳ್ಳಿ ಕಡೆಯಿಂದ ಜನ ಬರುತ್ತಾರೆ. ಕೆಲಸ ಮುಗಿದ ಮೇಲೆ ದಕ್ಷಿಣೆಯ ಜೊತೆಗೆ ಒಂದು ಚೀಲದಲ್ಲಿ ಅಕ್ಕಿ, ತೊಗರಿಬೇಳೆ, ಬೆಲ್ಲ, ಎರಡು ಬಾಳೆಕಾಯಿ ಕೊಡುತ್ತಾರೆ. ಅದಕ್ಕೆ ಸ್ವಯಂಪಾಕ ಎನ್ನುವುದು. ಕಡ್ಡಿರಾಂಪುರದ ನಮ್ಮ ಮನೆಯ ಒಲೆ ಉರಿದದ್ದೇ ಅದರಿಂದ.

ಆ ಅಕ್ಕಿ ಬೇಯಿಸುವುದು ಸುಲಭವೆಂದು ಯಾರೂ ತಿಳಿಯಬೇಡಿ. ಕಂಪ್ಲಿಯವರು ಕೊಡುವುದು ಹೊಸ ಸೋನಾಮಸೂರಿ, ದೋಣಿಮಲೈ ಗಣಿಯ ನೌಕರರು ಕೊಡುವುದು ಹಳೆಯ ಸಣ್ಣಕ್ಕಿ, ಇನ್ಯಾರೋ ಕೊಡುವುದು ಅರ್ಧ ನುಚ್ಚು. ಎಲ್ಲ ಒಂದೇ ಡಬ್ಬಿಗೆ ಬೀಳುತ್ತಿತ್ತು. ಒಂದು ಮುದ್ದೆಯಾಗುವ ಹೊತ್ತಿಗೆ ಇನ್ನೊಂದು ಹಲ್ಲಿಗೆ ಸಿಗುತ್ತಿತ್ತು. ಹದ ಹಿಡಿಯಲು ನನಗೆ ಹತ್ತು ವರ್ಷ ಬೇಕಾಯಿತು.

ಇವರಿಗೆ ಒಂದು ಪದ್ಧತಿ. ಎಲೆಯ ಮುಂದೆ ಕೂತು, ಅನ್ನಕ್ಕೆ ಕೈ ಹಚ್ಚುವ ಮೊದಲು ಕೇಳುವರು: "ಇವತ್ತು ಯಾರ ಹೆಸರಿನ ಅನ್ನ?" ನಾನು ಹೇಳಬೇಕು. ಕಂಪ್ಲಿ ವಿರೂಪಾಕ್ಷಪ್ಪನವರ ತಂದೆಯದು, ಸಂಡೂರು ಮೇಷ್ಟ್ರ ಹೆಂಡತಿಯದು, ಹೀಗೆ. ಇವರು ಕಣ್ಣು ಮುಚ್ಚಿ ಆ ಜೀವಕ್ಕೆ ಒಳ್ಳೆಯದಾಗಲಿ ಎಂದುಕೊಂಡು ಆಮೇಲೆ ಉಣ್ಣುವರು. ನಮ್ಮ ಮಗಳು ಮೇಧಾ ಚಿಕ್ಕವಳಿದ್ದಾಗ, "ಅಮ್ಮ, ಇವತ್ತು ಅಜ್ಜನ ಅನ್ನಾನೋ, ಅಜ್ಜೀ ಅನ್ನಾನೋ?" ಎಂದು ಕೇಳುತ್ತಿದ್ದಳು. ಎಲ್ಲ ಒಂದೇ ಡಬ್ಬಿಯಲ್ಲಿ ಕಲೆತಿರುವಾಗ ಯಾರದೆಂದು ಹೇಳಲಿ? ಬಾಯಿಗೆ ಬಂದ ಹೆಸರು ಹೇಳುತ್ತಿದ್ದೆ. ಇಪ್ಪತ್ತೆರಡು ವರ್ಷ ಹೀಗೇ ನಡೆಯಿತು. ಯಾವ ಸತ್ತವರೂ ಬಂದು ತಕರಾರು ಮಾಡಲಿಲ್ಲ.

ಹೊಳೆದಂಡೆಯಲ್ಲಿ ಇವರ ಜೊತೆಗಾರ ಹೊನ್ನೂರುಸ್ವಾಮಿ. ಹರಿಗೋಲು ಹಾಕುವವನು. ಅಸ್ಥಿಯನ್ನು ನಡುಹೊಳೆಯಲ್ಲಿ ಬಿಡಬೇಕಲ್ಲ, ಮನೆಯವರನ್ನೂ ಇವರನ್ನೂ ಕೂರಿಸಿಕೊಂಡು ಒಯ್ಯುತ್ತಿದ್ದ. ಅವನ ಹೆಂಡತಿ ಮುದುಕಮ್ಮ ದಂಡೆಯ ಮೇಲೆ ಎಳ್ಳು, ದರ್ಭೆ, ಮಣ್ಣಿನ ಕುಡಿಕೆ ಮಾರುತ್ತಿದ್ದಳು. ಲಾಕ್‌ಡೌನಿಗೆ ಎರಡು ವರ್ಷ ಮೊದಲು ಜ್ವರ ಬಂದು ತೀರಿಕೊಂಡಳು. ಅವರದು ಹೂಳುವ ಪದ್ಧತಿ, ಹೊಳೆಗೆ ಬರುವ ಕೆಲಸವಿರಲಿಲ್ಲ. ಸುದ್ದಿ ಕೇಳಿ ನಾವು "ಪಾಪ" ಎಂದೆವು. ಮರುದಿನದಿಂದ ಇವರು ಎಳ್ಳನ್ನು ಇನ್ನೊಬ್ಬಳ ಹತ್ತಿರ ಕೊಳ್ಳತೊಡಗಿದರು. ಅಷ್ಟೇ.

ಕೊರೋನಾ ಬಂದ ವರ್ಷ ಯುಗಾದಿಯ ದಿನವೇ ಲಾಕ್‌ಡೌನ್ ಶುರುವಾಯಿತು. ಹಂಪಿಯ ರಸ್ತೆಗೆ ಪೊಲೀಸರು ಅಡ್ಡ ನಿಂತರು. ಜನ ಸಾಯುವುದೇನೂ ನಿಲ್ಲಲಿಲ್ಲ, ಆದರೆ ಯಾರ ಅಸ್ಥಿಯೂ ಹೊಳೆಗೆ ಬರಲಿಲ್ಲ. ಕುಡಿಕೆಯಲ್ಲಿ ಕಟ್ಟಿ ಹಿತ್ತಲ ಗಿಡಕ್ಕೆ ತೂಗುಹಾಕಿದ್ದೇವೆ, ಏನು ಮಾಡಲಿ ಎಂದು ಕೇಳಿ ಫೋನು ಬರುತ್ತಿತ್ತು. ಇವರು, "ಇರಲಿ ಬಿಡ್ರಿ, ಎಲ್ಲಾ ತೆಗೆದ ಮ್ಯಾಲ ಬರ್ರಿ" ಎನ್ನುತ್ತಿದ್ದರು. ಸತ್ತವರು ಕಾಯಬಲ್ಲರು. ನನ್ನ ಡಬ್ಬಿ ಕಾಯಲಿಲ್ಲ. ಇಪ್ಪತ್ತು ದಿನಕ್ಕೆ ತಳ ಕಂಡಿತು.

ಕೈಯಲ್ಲಿದ್ದ ಪುಡಿಗಾಸು ಗ್ಯಾಸಿಗೂ ಇವರ ಮಾತ್ರೆಗೂ ಹೋಯಿತು. ಇವರಿಗೆ ಸಕ್ಕರೆ ಕಾಯಿಲೆ. ಮಾತ್ರೆ ನುಂಗಿ ಊಟ ಬಿಟ್ಟರೆ ಬಿದ್ದೇ ಬಿಡುತ್ತಾರೆ, ಹುಷಾರು ಎಂದು ಹೊಸಪೇಟೆಯ ಡಾಕ್ಟರು ನನಗೇ ಎಚ್ಚರಿಕೆ ಹೇಳಿದ್ದರು. ರೇಷನ್ ಕಾರ್ಡು ಇತ್ತು, ಆದರೆ ಎಪಿಎಲ್. ವಿಳಾಸ ತೋರಿಸಲು ಬಿಟ್ಟರೆ ಅದನ್ನು ಯಾವುದಕ್ಕೂ ಹೊರತೆಗೆದವರಲ್ಲ. ಗುಡಿಯ ಅರ್ಚಕರಿಗಾದರೆ ಸರ್ಕಾರ ಏನೋ ಕೊಡುತ್ತದಂತೆ ಎಂದು ಸುದ್ದಿ ಬಂತು. ನಮ್ಮವರು ಹೊಳೆಯ ಪುರೋಹಿತರು. ಹೊಳೆಯ ದಂಡೆಗೆ ಯಾವ ಇಲಾಖೆ, ನನಗಂತೂ ತಿಳಿಯಲಿಲ್ಲ.

ಆಗ ಕಂಪ್ಲಿಯ ಅಕ್ಕಿ ಗಿರಣಿಯ ಸಿದ್ದಲಿಂಗೇಶ್ ಒಂದು ಟೆಂಪೊ ತುಂಬ ಕಿಟ್ ತಂದ. ಹಿಂದೆ ಬ್ಯಾನರ್ ಹಿಡಿದ ಇಬ್ಬರು. ನಮ್ಮ ಮನೆಯ ಮುಂದೆಯೂ ನಿಂತ.

"ಆಚಾರ್ರ, ಅಕ್ಕಿ, ಬ್ಯಾಳಿ, ಎಣ್ಣಿ ಎಲ್ಲಾ ಐತಿ. ತೊಗೋರ್ರಿ. ಸ್ವಲ್ಪ ಈ ಕಡಿ ನೋಡ್ರಿ, ಒಂದು ಫೋಟೊ."

ಇವರು ಕೈ ಚಾಚಲಿಲ್ಲ. "ಯಾರ ಹೆಸರ್ಲೆ ಕೊಡ್ಲಿಕತ್ತೀರಿ?" ಎಂದರು.

"ನನ್ನ ಹೆಸರ್ಲೇರಿ. ಬ್ಯಾನರ್ ಮ್ಯಾಲ ದೊಡ್ಡದಾಗಿ ಐತಲ್ರಿ."

"ಹಂಗಲ್ಲ. ನಿಮ್ಮ ಮನ್ಯಾಗ ತೀರಿಕೊಂಡವರು ಯಾರು?"

ಸಿದ್ದಲಿಂಗೇಶನ ಮುಖ ಮಾಸ್ಕಿನ ಮೇಲಿಂದಲೇ ಕಪ್ಪಿಟ್ಟಿತು. "ಯಾರೂ ತೀರಿಕೊಂಡಿಲ್ರಿ! ನಮ್ಮಪ್ಪ ಗಟ್ಟಿ ಅದಾನ, ಗಿರಣ್ಯಾಗ ಕುಂತಾನ. ಇಂಥಾ ಹೊತ್ತಿನ್ಯಾಗ ಅಂಥಾ ಮಾತು ಯಾಕ್ರಿ?"

"ಮತ್ತ ನಾ ಏನ ಮಾಡೀನಿ ಅಂತ ಈ ಅಕ್ಕಿ ತೊಗೊಳ್ಳಿ? ಯಾರಿಗೂ ಒಂದು ಹನಿ ನೀರು ಬಿಟ್ಟಿಲ್ಲ. ಹಂಗ ತೊಗೊಳ್ಳಿಕ್ಕೆ ಬರೂದಿಲ್ಲಪ್ಪ."

ಟೆಂಪೊ ಮುಂದೆ ಹೋಯಿತು. ಕಿಟಕಿಯ ಹಿಂದೆ ನಿಂತು ನೋಡುತ್ತಿದ್ದ ನನಗೆ ಪಿತ್ತ ನೆತ್ತಿಗೇರಿತು. ಆ ಮಹಾನುಭಾವನ ಅಪ್ಪ ಬದುಕಿದ್ದೇ ನಮ್ಮ ದುರದೃಷ್ಟ ಎನ್ನುವಂಥ ಪಾಪದ ಮಾತೂ ಮನಸ್ಸಿಗೆ ಬಂತು, ಮುಚ್ಚಿಡುವುದೇಕೆ. ಅಂದು ರಾತ್ರಿಗೆ ಮನೆಯಲ್ಲಿ ಉಳಿದಿದ್ದು ಒಂದು ಪಾವು ಅವಲಕ್ಕಿ.

ಮೂರನೆಯ ದಿನ ಬೆಳಿಗ್ಗೆ ಅಂಗಳಕ್ಕೆ ನೀರು ಹಾಕಲು ಬಂದರೆ ಕಟ್ಟೆಯ ಮೇಲೆ ಒಂದು ಚೀಲ. ಐದು ಕೆಜಿಯಷ್ಟು ಅಕ್ಕಿ. ಸುತ್ತ ಯಾರೂ ಇಲ್ಲ. ಒಳಗೆ ತಂದು ಕೈ ಹಾಕಿ ನೋಡಿದೆ. ದಪ್ಪ ಕಾಳು, ಗೋದಾಮಿನ ವಾಸನೆ. ರೇಷನ್ ಅಕ್ಕಿ ಎಂದು ಕೈಗೇ ಗೊತ್ತಾಯಿತು. ಆದರೆ ನಮಗೆ ರೇಷನ್ ಅಕ್ಕಿ ಯಾರು ತಂದಿಡುತ್ತಾರೆ? ಯಾಕೆ ಇಡುತ್ತಾರೆ? ಪಕ್ಕದ ಮನೆಗೆ ಇಡುವುದನ್ನು ತಪ್ಪಿ ಇಲ್ಲಿಟ್ಟರೋ ಏನೋ. ಕೇಳಲು ಹೋದರೆ ವಾಪಸು ಕೊಡಬೇಕಾದೀತು ಎಂದು ಕೇಳಲಿಲ್ಲ.

ಇವರಿಗೆ ಏನು ಹೇಳುವುದು ಎನ್ನುವುದೇ ದೊಡ್ಡ ತಲೆನೋವಾಯಿತು. ಇವರ ಬಳಿ ಒಂದು ಹಳೆಯ ನೋಟುಬುಕ್ಕಿದೆ. ಯಾವ ಮನೆಯವರ ಯಾರು ಯಾವ ತಿಥಿಯಲ್ಲಿ ತೀರಿಕೊಂಡರು ಎಂದು ಬರೆದಿಡುವ ಪುಸ್ತಕ. ತೆಗೆದು ನೋಡಿದೆ. ಅಂದು ಚೈತ್ರ ಬಹುಳ ಅಷ್ಟಮಿ. ಮರಿಯಮ್ಮನಹಳ್ಳಿಯ ಲಾರಿ ಮಾಲೀಕ ಜಂಬುನಾಥನ ತಾಯಿಯ ತಿಥಿ. ನನಗೆ ಇನ್ನೇನು ಬೇಕು!

"ಜಂಬುನಾಥ ಯಾರ ಕೈಲೋ ಅಕ್ಕಿ ಕಳಿಸ್ಯಾನ. ಇವತ್ತು ಅವನ ತಾಯಿ ತಿಥಿ ಅಂತ. ಹೊಳಿಗೆ ಬರ್ಲಿಕ್ಕೆ ಆಗ್ಲಿಲ್ಲಂತ" ಎಂದೆ.

ಇವರ ಮುಖ ಅರಳಿತು. ಸ್ನಾನ ಮಾಡಿ, ತಾಮ್ರದ ತಂಬಿಗೆಯಲ್ಲಿ ಎಳ್ಳು ಹಿಡಿದು, ಮಾಸ್ಕು ಕಟ್ಟಿಕೊಂಡು ಹತ್ತಿರದ ಕಾಲುವೆಗೆ ಹೋದರು. ಜಂಬುನಾಥನ ಪರವಾಗಿ ಅವನ ತಾಯಿಗೆ ನೀರು ಬಿಟ್ಟು ಬಂದರು. ಅಂದು ಮೂವರೂ ಹೊಟ್ಟೆ ತುಂಬ ಉಂಡೆವು. ಮೇಧಾ ಮೂರು ಸಲ ಬಡಿಸಿಕೊಂಡಳು.

ಹತ್ತು ಹನ್ನೆರಡು ದಿನಕ್ಕೆ ಇನ್ನೊಂದು ಚೀಲ ಬಂತು. ಆಮೇಲೆ ವೈಶಾಖದಲ್ಲಿ ಮತ್ತೊಂದು. ನಾನು ಪುಸ್ತಕ ತೆಗೆಯುವುದು, ಆ ದಿನದ ಹೆಸರು ಹೇಳುವುದು, ಇವರು ಕಾಲುವೆಗೆ ಹೋಗುವುದು. ಒಮ್ಮೆ ದೋಣಿಮಲೈಯ ಮನೋಹರ್ ಎನ್ನುವವರ ತಂದೆಗೆ, ಇನ್ನೊಮ್ಮೆ ಡ್ಯಾಮಿನ ಕ್ವಾರ್ಟರ್ಸಿನ ಯಾರದೋ ಅಜ್ಜಿಗೆ. ಮನೆಯಲ್ಲಿ ಅನ್ನವಿತ್ತು, ಇವರಿಗೆ ಕೆಲಸವಿತ್ತು. ಯಾರು ಇಡುತ್ತಾರೆ ಎನ್ನುವ ಪ್ರಶ್ನೆ ಮಾತ್ರ ಹುಳದಂತೆ ತಲೆ ಕೊರೆಯುತ್ತಿತ್ತು. ಹಾಲಿನವನೇ? ಪಕ್ಕದ ಮನೆಯವರೇ? ಕಿಟ್ಟು ತಿರುಗಿಸಿದ್ದಕ್ಕೆ ಸಿದ್ದಲಿಂಗೇಶ್ ಹೀಗೆ ಸೇಡು ತೀರಿಸಿಕೊಳ್ಳುತ್ತಿದ್ದಾನೆಯೇ? ಗಿರಣಿಯವನು ರೇಷನ್ ಅಕ್ಕಿ ಏಕೆ ಕೊಟ್ಟಾನು? ಒಂದಕ್ಕೂ ತಾಳಮೇಳವಿರಲಿಲ್ಲ.

ಮೇ ತಿಂಗಳ ಮಧ್ಯಕ್ಕೆ ಇವರು ಒಂದು ಒಳ್ಳೆಯ ಕೆಲಸ ಮಾಡಹೋದರು. ಜಂಬುನಾಥನಿಗೆ ಫೋನು ಮಾಡಿದರು. ನಾನು ಒಗ್ಗರಣೆ ಹಾಕುತ್ತಿದ್ದೆ, ಸ್ಪೀಕರಿನಲ್ಲಿ ಅವನ ದನಿ ಅಡುಗೆಮನೆಗೇ ಕೇಳಿಸಿತು.

"ಅಕ್ಕಿ? ನಾ ಯಾವ ಅಕ್ಕೀನೂ ಕಳಿಸಿಲ್ರಿ ಆಚಾರ್ರ. ಲಾರಿ ನಿಂತು ಎರಡು ತಿಂಗಳಾತು. ನಮ್ಮವ್ವಂದು ಈ ಸಲ ತಿಥೀನ ಆಗ್ಲಿಲ್ಲಂತ ನಾನ ಸಂಕಟದಾಗ ಅದೀನಿ."

ನಾನು ಒಲೆ ಆರಿಸಿದೆ. ಇವರು ಮನೋಹರ್‌ಗೂ ಫೋನು ಮಾಡಿದರು. ಅವರೂ ಇಲ್ಲವೆಂದರು. ಇವರು ಒಳಗೆ ಬಂದು ನನ್ನ ಮುಂದೆ ನಿಂತರು.

"ನಿನಗ ಹೆಸರು ಯಾರು ಹೇಳಿದ್ರು, ಸೀತಾ?"

"ಪುಸ್ತಕ" ಎಂದೆ. ಸುಳ್ಳು ಹೇಳಿ ಸಾಕಾಗಿತ್ತು.

ಬೈದಿದ್ದರೆ ನಾನೂ ನಾಲ್ಕು ಮಾತು ಬೈದು ಹಗುರಾಗುತ್ತಿದ್ದೆ. ಇವರು ಬೈಯಲಿಲ್ಲ. ಕಂಬಕ್ಕೆ ಒರಗಿ ಕೂತು, "ಹಂಗಾದ್ರ ಯಾರ ಅನ್ನ ಉಂಡೀವಿ? ಯಾರಿಗೋ ಸೇರಬೇಕಾದ ನೀರು ಇನ್ಯಾರಿಗೋ ಬಿಟ್ಟೆ. ಆ ಜೀವ ಎಲ್ಲಿ ಕಾಯಲಿಕತ್ತದೋ" ಎಂದರು. ಮಧ್ಯಾಹ್ನ ಎಲೆಯ ಮುಂದೆ ಕೂರಲಿಲ್ಲ. ಹೆಸರು ಗೊತ್ತಾಗುವ ತನಕ ಆ ಅಕ್ಕಿ ಮುಟ್ಟುವುದಿಲ್ಲವಂತೆ. ಮನೆಯಲ್ಲಿ ಬೇರೆ ಏನೂ ಇಲ್ಲ ಎಂದೆ. ಮಜ್ಜಿಗೆ ಸಾಕು ಎಂದರು.

ಎರಡು ದಿನ ಮಜ್ಜಿಗೆ ಕುಡಿದರು. ಅಪ್ಪನ ಕಾಲು ಹಿಡಿದುಕೊಂಡು ಮೇಧಾ ಅತ್ತಳು, "ಅಪ್ಪ, ಉಪವಾಸ ಬಿದ್ರ ಹೆಸರು ತಿಳೀತದೇನು? ಉಣ್ಣು" ಎಂದಳು. ಕೇಳಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಹಿತ್ತಲಿಗೆ ಹೋದವರು ಬಾಗಿಲಲ್ಲೇ ಕುಸಿದರು. ಮೈಯೆಲ್ಲ ಬೆವರು, ಕೈ ನಡುಗುತ್ತಿತ್ತು. ಮೇಧಾ ಸಕ್ಕರೆ ನೀರು ಕುಡಿಸಿದಳು. ಕಣ್ಣು ಬಿಟ್ಟರು. ಆಸ್ಪತ್ರೆಗೆ ಒಯ್ಯೋಣವೆಂದರೆ ಬಸ್ಸಿಲ್ಲ, ಆಟೋ ಇಲ್ಲ, ಅಲ್ಲಿ ಹೋದರೆ ಕೊರೋನಾ ಎಂಬ ಹೆದರಿಕೆ ಬೇರೆ. ಇನ್ನೊಂದು ಸಲ ಹೀಗೆ ಬಿದ್ದರೆ ಏಳಲಿಕ್ಕಿಲ್ಲ ಎಂದು ಹೆದರಿದೆ. ನಾನು ಬಾಯಿಗೆ ಬಂದ ಹೆಸರು ಹೇಳಿದ್ದಕ್ಕೇ ಇದೆಲ್ಲ. ಈಗ ಇನ್ನೊಂದು ಹೆಸರು ಹೇಳಿದರೆ ಇವರು ನಂಬುವುದೂ ಇಲ್ಲ. ನಿಜವಾದ ಹೆಸರೇ ಬೇಕು.

ಚೀಲಗಳನ್ನೆಲ್ಲ ತೆಗೆದು ನೆಲದ ಮೇಲೆ ಹರಡಿದೆ. ಮೂರೂ ಸಾದಾ ಪ್ಲಾಸ್ಟಿಕ್ ಚೀಲ, ಅಕ್ಷರವಿಲ್ಲ, ಗುರುತಿಲ್ಲ. ಕಟ್ಟಿದ ಜಾಗದಲ್ಲಿ ಮಾತ್ರ ಕಪ್ಪು ಬೆರಳಿನ ಕಲೆ. ಮಸಿ ಎಂದುಕೊಂಡು ಒರೆಸಿದೆ, ಹೋಗಲಿಲ್ಲ. ಮೂಗಿಗೆ ಹಿಡಿದೆ. ಡಾಂಬರು. ಮೂರಕ್ಕೂ ಡಾಂಬರು. ರಸ್ತೆ ಕೆಲಸ ಎಲ್ಲ ನಿಂತಿರುವಾಗ ಡಾಂಬರಿನ ಕೈ ಯಾರದು? ಹರಿಗೋಲಿನ ತಳಕ್ಕೆ ನೀರು ಸೋರದಂತೆ ಡಾಂಬರು ಬಳಿಯುತ್ತಾರೆ ಎನ್ನುವುದು ಹೊಳೆಯುವ ಹೊತ್ತಿಗೆ ನಾನು ಚಪ್ಪಲಿ ಮೆಟ್ಟಿಯಾಗಿತ್ತು.

ಹೊನ್ನೂರುಸ್ವಾಮಿಯ ಮನೆ ನಮ್ಮ ಹಿಂದಿನ ಓಣಿಯ ತುದಿಗೆ. ಅಷ್ಟು ವರ್ಷದಲ್ಲಿ ನಾನು ಅಲ್ಲಿಗೆ ಹೋದದ್ದು ಅಂದೇ ಮೊದಲು. ಮನೆಯ ಮುಂದೆ ಹರಿಗೋಲು ಬೋರಲು ಹಾಕಿಕೊಂಡು ಅವನು ತಳಕ್ಕೆ ಡಾಂಬರು ಬಳಿಯುತ್ತಿದ್ದ. ಪಕ್ಕದಲ್ಲಿ ಮೂರು ಕಲ್ಲಿನ ಒಲೆಯ ಮೇಲೆ ಡಾಂಬರಿನ ಡಬ್ಬಿ. ಅವನ ಇಬ್ಬರು ಹೆಣ್ಣುಮಕ್ಕಳು ಬಾಗಿಲಲ್ಲಿ ಕೂತು ಗಂಜಿ ಕುಡಿಯುತ್ತಿದ್ದರು. ತಟ್ಟೆಯ ತಳ ಕಾಣುವಷ್ಟು ತೆಳ್ಳಗಿನ ಗಂಜಿ.

"ಹೊನ್ನೂರುಸ್ವಾಮಿ, ಅಕ್ಕಿ ನೀ ಇಟ್ಟಿದ್ದೇನು?"

ಅವನ ಕೈಯಿಂದ ಕುಂಚ ಬಿತ್ತು. "ತಪ್ಪಾತ್ರಿ ಅಮ್ಮಾರ" ಎಂದ.

"ತಪ್ಪೋ ಒಪ್ಪೋ, ಬಂದು ಅವರಿಗೆ ಹೇಳು. ಎರಡು ದಿನದಿಂದ ಉಂಡಿಲ್ಲ."

ನನ್ನ ಹಿಂದೆಯೇ ಬಂದು ನಮ್ಮ ಕಟ್ಟೆಯ ಕೆಳಗೆ, ಟವೆಲ್ಲನ್ನು ಮೂಗಿಗೆ ಸುತ್ತಿಕೊಂಡು ನಿಂತ. ಇವರು ಬಾಗಿಲ ಒಳಗೆ ಗೋಡೆಗೆ ಒರಗಿ ಕೂತಿದ್ದರು. ಅಕ್ಕಿ ಇಟ್ಟವನು ಇವನೇ ಎಂದು ನಾನು ಹೇಳಿದೆ.

"ನೀನೇನೋ? ನಿನ್ನ ಮಕ್ಕಳ ಅಕ್ಕಿ ನಮಗ್ಯಾಕ ತಂದಿ?"

"ಮಕ್ಕಳದಲ್ರಿ ಆಚಾರ್ರ. ಮಕ್ಕಳದು, ನನ್ನದು ಮನ್ಯಾಗ ಐತಿ. ಅದು ಮುದುಕಮ್ಮಂದ್ರಿ."

"ಮುದುಕಮ್ಮ ತೀರಿಕೊಂಡು ಎರಡು ವರ್ಷ ಆತಲ್ಲೋ."

"ಹೌದ್ರಿ." ಅವನು ಅಂಗಿಯ ಜೇಬಿನಿಂದ ರೇಷನ್ ಕಾರ್ಡು ತೆಗೆದು ದೂರದಿಂದಲೇ ತೋರಿಸಿದ. "ಕಾರ್ಡಿನ್ಯಾಗ ಆಕಿ ಹೆಸರು ಇನ್ನಾ ಐತ್ರಿ. ತೆಗಸ್ಬೇಕಂತ ಎರಡು ಸಲ ಹೊಸಪ್ಯಾಟಿ ತನಕ ಹ್ವಾದೆ. ಬಾಗಲದಾಗ ನಿಂತು ತಿರುಗಿ ಬಂದೆ. ಆಕಿ ಹೆಸರು ಬರದಿದ್ದು ಇದೊಂದ ಜಾಗದಾಗ ನೋಡ್ರಿ. ಇದರಾಗಿಂದನೂ ಹೊಡದ ಹಾಕಿದ್ರ..."  ಕಾರ್ಡನ್ನು ಅಂಗಿಗೆ ಒರೆಸಿ ಮತ್ತೆ ಜೇಬಿಗೆ ಇಟ್ಟ. "ಆಕಿ ಪಾಲಿಂದು ತಿಂಗಳ ತಿಂಗಳ ಬರತೈತ್ರಿ, ಈಗಂತೂ ತಿಂಗಳಿಗೆ ಎರಡು ಸಲ ಕೊಡಾಕತ್ತಾರ್ರಿ. ಮೊದಲು ಕೋಳಿಗೆ ಹಾಕ್ತಿದ್ದೆ. ಸತ್ತಾಕಿ ಹೆಸರಿನ ಅಕ್ಕಿ ನಾವು ಹೆಂಗ ತಿನ್ನೂದು? ಸತ್ತವರ ಹೆಸರಿನ ಅಕ್ಕಿ ಆಚಾರ್ರಿಗೆ ಅಲ್ಲೇನ್ರಿ ಕೊಡೂದು? ಇಪ್ಪತ್ತೈದು ವರ್ಷ ತೆಪ್ಪದಾಗ ಕುಂತು ನೋಡೀನಿ. ಈಗ ನಿಮಗೂ ಹೊಳಿ ಇಲ್ಲ, ನನಗೂ ಹೊಳಿ ಇಲ್ಲ. ಅದಕ್ಕ ತಂದಿಟ್ಟೆ. ಎದುರಿಗೆ ಕೊಟ್ರ ನಮ್ಮ ಮನೀದು ನೀವು ತೊಗೊಳ್ಳಾಕಿಲ್ಲೇನೋ ಅಂತ ಹೇಳ್ಲಿಲ್ರಿ."

 ಆ ಗಂಜಿಯ ತಟ್ಟೆ ಕಣ್ಣ ಮುಂದೆಯೇ ಇತ್ತು. ತಾಯಿಯ ಪಾಲು ಆ ಮಕ್ಕಳ ಹೊಟ್ಟೆಗೇ ಹೋಗಬಹುದಿತ್ತು. ಸರ್ಕಾರಕ್ಕೆ ಗೊತ್ತಿಲ್ಲದೆ ಬರುವ ಅಕ್ಕಿ, ಅದನ್ನು ತಿನ್ನದ ಗಂಡ, ಅದನ್ನು ತಿಂದ ನಾವು. ಯಾವುದು ಸರಿ, ಯಾವುದು ತಪ್ಪು, ಯಾರು ಯಾರಿಗೆ ಋಣಿ, ತಲೆ ಕೆಟ್ಟು ಮೊಸರು ಗಡಿಗೆಯಾಯಿತು. ಮೇಲಾಗಿ ಇವರು ಆ ಮುದುಕಮ್ಮನ ಎಳ್ಳಿನಿಂದ ಊರವರಿಗೆಲ್ಲ ನೀರು ಬಿಟ್ಟವರು. ಅವಳಿಗೆ ಮಾತ್ರ ಒಂದು ಹನಿ ಬಿಟ್ಟಿರಲಿಲ್ಲ. ಕೇಳುವವರೂ ಇರಲಿಲ್ಲ, ನಮಗೆ ತೋಚಲೂ ಇಲ್ಲ. ನನಗೆ ನಾಚಿಕೆಯಾಯಿತು.

ಇವರು ಗೋಡೆ ಹಿಡಿದು ನೆಟ್ಟಗೆ ಕೂತು, "ಮೇಧಾ, ಆ ಪುಸ್ತಕ ತಾ" ಎಂದರು.

"ಯಾವತ್ತು ತೀರಿಕೊಂಡ್ಳು?"

"ತಾರೀಖು ಗೊತ್ತಿಲ್ರಿ. ಡ್ಯಾಮಿನ ಗೇಟು ತೆಗದು, ಹೊಳಿ ತುಂಬಿ, ತೆಪ್ಪ ಎಲ್ಲಾ ಮ್ಯಾಲ ಎಳಕೊಂಡಿದ್ವಲ್ರಿ, ಅವತ್ತು."

"ಅವತ್ತು ಎರಡು ಅಸ್ಥಿ ವಾಪಸ್ ಕಳಿಸಿದ್ವಿ" ಎಂದು ಇವರು ಬೆರಳು ಮಡಚಿ ಎಣಿಸಿದರು. "ಆಷಾಢ ಶುದ್ಧ ನವಮಿ." ತಾವೇ ಬರೆದರು. ಮುದುಕಮ್ಮ, ಹೊನ್ನೂರುಸ್ವಾಮಿಯ ಪತ್ನಿ, ಕಡ್ಡಿರಾಂಪುರ.

ಹೊನ್ನೂರುಸ್ವಾಮಿ ಕತ್ತು ಚಾಚಿ ನೋಡಿದ. ಅವನಿಗೆ ಓದಲು ಬಾರದು. "ಅದರಾಗ ಬರದ್ರ ಕಾರ್ಡಿನ್ಯಾಗಿಂದ ಹೋಗತೈತೇನ್ರಿ?" ಎಂದು ಕೇಳಿದ.

"ಇಲ್ಲಪ್ಪ. ಇದು ಬ್ಯಾರೆ ಪುಸ್ತಕ."

ನನಗೆ ಅಳು ಬಂತು. ಅಳುವುದಕ್ಕೆ ಹೊತ್ತಿರಲಿಲ್ಲ, ಇವರು ಇನ್ನೂ ಖಾಲಿ ಹೊಟ್ಟೆಯಲ್ಲಿದ್ದರು. ಉಳಿದಿದ್ದ ಅಕ್ಕಿಯನ್ನಷ್ಟೂ ಸುರಿದು ತೊಳೆದೆ. "ಹೋಗು, ಮಕ್ಕಳನ್ನ ಕರ್ಕೊಂಡು ಬಾ. ಜಲ್ದಿ" ಎಂದೆ. ಅವನು ಹಿಂದೆ ಮುಂದೆ ನೋಡಿದ. "ಆಕಿ ಹೆಸರಿನ ಊಟಕ್ಕ ಆಕಿ ಮಕ್ಕಳು ಬ್ಯಾಡೇನು?" ಎಂದು ಗದರಿದ ಮೇಲೆ ಓಡಿದ.

ಅವರನ್ನು ಒಳಗೆ ಕರೆಯುವ ಧೈರ್ಯ ನನಗೆ ಅಂದೂ ಬರಲಿಲ್ಲ, ಸುಳ್ಳೇಕೆ ಹೇಳಲಿ. ಕೊರೋನಾ ಎಂಬ ನೆವ ಇತ್ತು. ಹೊರಗೆ ಕಟ್ಟೆಯ ಮೇಲೆ ಮೂರು ಎಲೆ ಹಾಕಿದೆ. ಇವರ ಎಲೆಯನ್ನು, ಎಂದೂ ಇಲ್ಲದ್ದು, ಹೊಸ್ತಿಲ ಪಕ್ಕಕ್ಕೇ ತಂದು ಹಾಕು ಎಂದು ಇವರೇ ಹೇಳಿದರು. ಒಂದೇ ಜಾತಿಯ ಅಕ್ಕಿ ಆದ್ದರಿಂದ ಅನ್ನ ಎಲ್ಲ ಕಡೆಯೂ ಒಂದೇ ಹದಕ್ಕೆ ಬೆಂದಿತ್ತು. ಬಡಿಸಿ, ಮೇಲೆ ಬಿಸಿ ಸಾರು ಹಾಕಿದೆ.

ಇವರು ಎಲೆಯ ಮುಂದೆ ಕೂತು, ಅಭ್ಯಾಸದ ಹಾಗೆ ಕೇಳಿದರು. "ಇವತ್ತು ಯಾರ ಹೆಸರಿನ ಅನ್ನ?"

ನಾನು ಬಾಯಿ ತೆರೆಯುವುದರೊಳಗೆ ಕಟ್ಟೆಯ ಮೇಲಿನ ಸಣ್ಣ ಹುಡುಗಿ ಹೇಳಿತು, "ನಮ್ಮವ್ವಂದು."

ಇವರು ಕಣ್ಣು ಮುಚ್ಚಿದರು. ಹುಡುಗಿ ಕಾಯಲಿಲ್ಲ, ಉಣ್ಣಲು ಶುರು ಮಾಡಿತು.